ಸದ್ದಿಲ್ಲದ ಪೆಟ್ಟಿಗೆ

ಅಪ್ಪನಿಗೆ ನಮಸ್ಕಾರ.

ಸಿನಿಮಾ ನೋಡಲೆಂದು ನಾನು ಟಿವಿಗೆ ಜೋಡಿಸಿ ಕೊಟ್ಟ ಕಂಪ್ಯೂಟರ್ ಕೆಟ್ಟಿಲ್ಲ. ಸದ್ದೇ ಬರುತ್ತಿಲ್ಲವಲ್ಲ ಎಂದು ಈ ವಾರ ಮೂರು ಸಲ ಫೋನ್ ಮಾಡಿ ಕೇಳಿದಿರಿ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ, ಟಿವಿ ಪಕ್ಕ ಅಂಟಿಸಿಕೊಳ್ಳಿ.

ಹನ್ನೆರಡು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿರುವವಳು ನಾನು. ಅಗ್ಗದ, ಕಡಿಮೆ ಕರೆಂಟಿನ ಪ್ರೊಸೆಸರನ್ನು ಬೇಕೆಂದೇ ಆರಿಸಿದೆ. ಅಂಗಡಿಯವನು "ದೊಡ್ಡದೇ ತಗೊಳ್ಳಿ ಮೇಡಂ" ಎಂದು ಗಂಟುಬಿದ್ದ. "ನಮ್ಮಪ್ಪ ಸಿನಿಮಾ ನೋಡ್ತಾರೆ, ರಾಕೆಟ್ ಹಾರಿಸಲ್ಲ" ಎಂದೆ. ದೊಡ್ಡದು ಬಿಸಿಯಾಗುತ್ತದೆ, ಫ್ಯಾನ್ ಬೇಡುತ್ತದೆ. ಇದು ಉಗುರುಬೆಚ್ಚಗಾಗುತ್ತದೆ ಅಷ್ಟೆ. ಆ ಬಿಸಿಗೆ ಹೊರಗಿನ ಅಲ್ಯೂಮಿನಿಯಂ ಕವಚವೇ ಸಾಕು. ಫ್ಯಾನ್ ಇಲ್ಲ, ಹಾಗಾಗಿ ಸದ್ದೂ ಇಲ್ಲ.

ಮೂವತ್ತೈದು ವರ್ಷ ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸಿದವರು ನೀವು. ಅಲ್ಲಿ ಮೆಷಿನ್ ಸದ್ದು ನಿಂತರೆ ರೀಲು ತುಂಡಾಯಿತೆಂದೇ ಲೆಕ್ಕ. ಈಗಲೂ ಸಿನಿಮಾ ನಡುವೆ ಹತ್ತು ನಿಮಿಷಕ್ಕೊಮ್ಮೆ ಎದ್ದುಹೋಗಿ ಪೆಟ್ಟಿಗೆಗೆ ಕಿವಿ ಕೊಡುತ್ತೀರಂತೆ.

ಹಸಿರು ದೀಪ ಉರಿಯುತ್ತಿದ್ದರೆ ಎಲ್ಲ ಸರಿಯಿದೆ ಎಂದರ್ಥ. ಕೂತಲ್ಲಿಂದಲೇ ಕಾಣುತ್ತದೆ.

ನೀವು ಮೇಲಿನ ಕ್ಯಾಬಿನ್ನಿನಲ್ಲಿದ್ದಷ್ಟು ವರ್ಷವೂ ಅಮ್ಮ ಕೆಳಗೆ ಒಬ್ಬಳೇ ಸಿನಿಮಾ ನೋಡಿದಳು. ಪಕ್ಕದ ಸೀಟಿನ ಮೇಲೆ ಕೈಚೀಲ ಇಟ್ಟು, ಯಾರಾದರೂ ಕೇಳಿದರೆ "ಜನ ಬರ್ತಾರೆ" ಎನ್ನುತ್ತಿದ್ದಳು. ಮೊನ್ನೆ ಫೋನಿನಲ್ಲಿ ನಗುತ್ತಲೇ ಹೇಳಿದಳು: "ಈಗ ಸೋಫಾ ಮೇಲೂ ಚೀಲ ಇಟ್ಕೊಂಡೇ ಕೂತಿದೀನಿ ಕಣೆ."

ಕಂಪ್ಯೂಟರ್ ಚಿಂತೆ ನನಗಿರಲಿ. ನೀವು ಆ ಚೀಲ ತೆಗೆದು ಕೆಳಗಿಟ್ಟು ಕೂತುಕೊಳ್ಳಿ.

ಪೆಟ್ಟಿಗೆಗೆ ಗ್ಯಾರಂಟಿ ನಿಂತಿರುವ,
ನಿಮ್ಮ ಮಗಳು