ಬಾಲ ಹರಿದ ಮೀನು

ಅತಿಥಿಗೃಹ, ಮೇಲಿನ ಮಹಡಿ
ಮಾರ್ಚ್ ೯, ಭಾನುವಾರ

ಪ್ರೀತಿಯ ಪುಟ್ಟೂ,

ಹೇಗಿದ್ದೀಯ? ಬೆನ್ನುನೋವು ಇಳಿಯಿತೇ? ಕೆಲಸಕ್ಕೆಂದು ಆ ಶೈತ್ಯಾಗಾರದೊಳಗೆ ಹೋಗುವಾಗ ಕಿವಿ ಮುಚ್ಚಿಕೊಳ್ಳುತ್ತೀಯೋ, ಇಲ್ಲ ಚಿಕ್ಕವನಿದ್ದಾಗಿನ ಹಾಗೆ ಟೋಪಿಯನ್ನು ಜೇಬಿಗೆ ತುರುಕಿಕೊಂಡು ಓಡಾಡುತ್ತೀಯೋ? ಹೆಂಡತಿ ಕಳಿಸಿದ ಮೀನಿನ ಫೋಟೊ ನೋಡಿ, ಹೊಂಡ ಕೈಹಿಡಿಯಿತು, ಕೆಲಸ ಬಿಟ್ಟು ಬಂದುಬಿಡುತ್ತೇನೆ ಎಂದು ನೀನು ಫೋನ್ ಮಾಡಿದಾಗಿನಿಂದ ನನಗೆ ಒಂದು ಕಡೆ ಕೂರಲಾಗುತ್ತಿಲ್ಲ. ನಿನ್ನೆ ನಾನೇ ಫೋನ್ ಮಾಡಿ, ಹೇಳಬೇಕಾದದ್ದನ್ನು ಬಿಟ್ಟು ಬಿಸಿಲಿನ ಮಾತಾಡಿ ಇಟ್ಟೆ. ಇದನ್ನು ಬರೆಯುವಾಗಲೂ ಎರಡು ಸಲ ಎದ್ದು ಕಿಟಕಿಯವರೆಗೆ ಹೋಗಿ ಬಂದೆ.

ಈ ವಾರ ನಿಮ್ಮ ಊರಿನಲ್ಲೇ ಇದ್ದೇನೆ. ಮೀನು ಸಾಕಲು ಸರ್ಕಾರ ಕೊಟ್ಟ ಸಹಾಯಧನದಿಂದ ನಿಜಕ್ಕೂ ಪ್ರಯೋಜನವಾಯಿತೇ ಎಂದು ನೋಡುವುದು ನಮ್ಮ ತಂಡದ ಕೆಲಸ. ಹೊಂಡ ತೋಡಲು, ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಲು ನೆರವು ಸಕಾಲಕ್ಕೆ ಬಂದಿದೆ. ಮೀನುಮರಿ ಮಾತ್ರ ನೀರು ತಣ್ಣಗಾದ ಮೇಲೆ ಬಂದು, ಹೆಚ್ಚಿನವು ಸತ್ತಿವೆ. ಇಲಾಖೆಯ ತಪಾಸಣೆಯವರಿಗೆ ತಾವು ಬಂದ ದಿನ ಬಲೆಗೆ ಮೀನು ಬಿದ್ದರೆ ಸಾಕು. ಹಾಗಾಗಿ ಕಚೇರಿಯ ಲೆಕ್ಕದಲ್ಲಿ ಎಲ್ಲ ಹೊಂಡಗಳೂ ತುಂಬಿ ತುಳುಕುತ್ತಿವೆ.

ಗುರುವಾರ ನಿಮ್ಮ ಪಕ್ಕದ ಮನೆಯ ಬಡಗಿಯ ಹೊಂಡದಲ್ಲಿ ಬಲೆ ಎಳೆಸಿದೆವು. ದಪ್ಪನೆಯ ಗೆಂಡೆ ಮೀನೊಂದು ಬಂತು. ಕತ್ತರಿ ಹಾಕಿದ ಹಾಗೆ ಬಾಲದ ಒಂದು ಮೂಲೆ ಹರಿದಿತ್ತು. ಮಾರನೆಯ ದಿನ ನಿಮ್ಮ ಹೊಂಡದ ಸರದಿ. ತಮ್ಮನದ್ದನ್ನು ನಾನು ಪರೀಕ್ಷಿಸಬಾರದೆಂದು ಜೊತೆಯವರಿಗೆ ಒಪ್ಪಿಸಿ ದಂಡೆಯ ಮೇಲೆ ನಿಂತಿದ್ದೆ. ಬಲೆ ಮೇಲೆ ಬಂತು. ಅದೇ ಮೀನು, ಅದೇ ಬಾಲ.

ನಿನ್ನ ಹೆಂಡತಿ ನನ್ನ ಮುಖ ನೋಡಿದಳು. ಚಹಾ ಕೊಡುವ ನೆಪದಲ್ಲಿ ಹತ್ತಿರ ಬಂದು, "ನೆಂಟರು ಅಕ್ಕ, ಸಂಜೆಗೆ ಹೊರಟುಬಿಡ್ತಾರೆ" ಅಂದಳು. ನಗು ಬಂತು, ತಡೆದುಕೊಂಡೆ. ತಪಾಸಣೆ ಇದೆಯೆಂದರೆ ಡ್ರಮ್ಮಿನಲ್ಲಿ ಕೂತು ಮನೆಯಿಂದ ಮನೆಗೆ ಹೋಗಿ ಬರುವುದು ಈ ಮೀನುಗಳ ಉದ್ಯೋಗವಂತೆ.

ಸಹಾಯಧನ ಸಿಗದಿದ್ದರೆ ಹೊಂಡ ತೋಡುತ್ತಿದ್ದಿರಾ ಎಂಬುದು ನಾವು ಎಲ್ಲರನ್ನೂ ಕೇಳುವ ಕೊನೆಯ ಪ್ರಶ್ನೆ. ಜೊತೆಯವರು ಕೇಳಿದಾಗ ಅವಳು, "ಹೊಂಡ ಇಲ್ದಿದ್ರೆ ನಮ್ಮನೆಯವರಿಗೆ ವಾಪಸ್ ಬರೋಕೆ ಏನಿರ್ತಿತ್ತು? ಇದನ್ನೂ ಬರ್ಕೊಳ್ಳಿ" ಅಂದಳು. ಜೊತೆಯವರು ಬರೆದುಕೊಳ್ಳಲಿಲ್ಲ. ನಾನಾಗಿದ್ದರೂ ಎಲ್ಲಿ ಬರೆಯುತ್ತಿದ್ದೆನೋ ಗೊತ್ತಿಲ್ಲ. ಯೋಜನೆ ಫಲ ಕೊಟ್ಟಿದೆ ಎಂದು ಬರೆದರೆ ಮುಂದಿನ ವರ್ಷವೂ ಮರಿಗಳು ಚಳಿಯಲ್ಲೇ ಬಂದು ಸಾಯುತ್ತವೆ. ಕೊಟ್ಟಿಲ್ಲ ಎಂದರೆ ಇದ್ದ ನೆರವೂ ನಿಂತುಹೋಗಬಹುದು. ಮರಿಗಳನ್ನು ಬೇಗ ಕಳಿಸಿ, ಆರು ತಿಂಗಳು ಬಿಟ್ಟು ಹೇಳದೆ ಬಂದು ನೋಡಿ ಎಂದು ಬರೆಯೋಣ ಎಂದುಕೊಂಡಿದ್ದೇನೆ. ಯಾರಾದರೂ ಓದುತ್ತಾರೋ, ಕಾಣೆ.

ನಿನ್ನ ಮಗಳು ಚೆನ್ನಾಗಿದ್ದಾಳೆ, ನಿನ್ನ ಹಾಗೆಯೇ ತಟ್ಟೆಯಲ್ಲಿ ಅರ್ಧ ಬಿಡುತ್ತಾಳೆ. ಮೈ ನೋಡಿಕೋ. ಟೋಪಿ ಹಾಕಿಕೋ. ನಿನಗೆ ಎಲ್ಲ ಒಳ್ಳೆಯದಾಗಲಿ.

ನಿನ್ನ
ಅಕ್ಕ

ಮರೆತೆ: ಕೆಲಸ ಬಿಡುತ್ತೇನೆಂದು ಇನ್ನೂ ಬರೆದುಕೊಟ್ಟಿಲ್ಲ ತಾನೇ? ಕೊಡಬೇಡ. ನಿನ್ನ ಹೆಂಡತಿ ಕಳಿಸಿದ ಆ ಫೋಟೊವನ್ನು ದೊಡ್ಡದು ಮಾಡಿ ಬಾಲ ನೋಡು. ನೋಡಿ ಅವಳನ್ನು ಏನೂ ಕೇಳಬೇಡ. ಇದು ಕೈಸೇರಿದ ಕೂಡಲೇ ರಜೆ ಹಾಕಿ ಹೊರಡು, ಮೀನಿನ ಸುದ್ದಿ ಎತ್ತದೆ ನಾಲ್ಕು ದಿನ ಮನೆಯಲ್ಲಿರು.