ಬಾಯಲ್ಲೇ ಓಡಿದ ಹೊಲಿಗೆ ಯಂತ್ರಗಳು

ಮನೆ,
ಮಾರ್ಚ್ ೧೬, ಸೋಮವಾರ ಮಧ್ಯಾಹ್ನ

ಮಮತೆಯ ಅಮ್ಮನಿಗೆ ಮಗಳ ನಮಸ್ಕಾರಗಳು.

ನಿನ್ನ ಮಂಡಿನೋವು ಈಗ ಹೇಗಿದೆ? ತರಬೇತಿಗೆಂದು ಹೋದ ದಾದಿಯೇ ಕಾಲಿಗೆ ಪಟ್ಟಿ ಸುತ್ತಿಕೊಂಡು ಓಡಾಡುತ್ತಿದ್ದಾಳೆಂದು ಚಿಕ್ಕಮ್ಮನಿಂದ ತಿಳಿಯಿತು. ರೋಗಿಗಳಿಗೆ ಹೇಳುವ ಬುದ್ಧಿಮಾತಿನಲ್ಲಿ ಕಾಲುಭಾಗವನ್ನಾದರೂ ನಿನಗೇ ಹೇಳಿಕೋ. ನಾವಿಬ್ಬರೂ ಕ್ಷೇಮ. ತಾತ ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗುತ್ತಾರೆ; ನಾನು ಹೊತ್ತಿಗೆ ಸರಿಯಾಗಿ ಅಡುಗೆಯ ತಳ ಹಿಡಿಸುತ್ತೇನೆ. ಪರೀಕ್ಷೆಯ ಫಲಿತಾಂಶ ಬಂದಿದೆ, ಈ ಬಾರಿಯೂ ತರಗತಿಗೆ ನಾನೇ ಮೊದಲು. ನೀನು ಕೇಳುವ ಮುನ್ನವೇ ಹೇಳಿದರೆ ಜಂಭವೆನ್ನುತ್ತೀಯೆಂದು ಗೊತ್ತಿದ್ದೂ ಬರೆದಿದ್ದೇನೆ.

ಉಳಿದ ಸಮಾಚಾರವನ್ನು ಫೋನಿನಲ್ಲಿ ಹೇಳುವಂತಿರಲಿಲ್ಲ, ಏಕೆಂದರೆ ನಾನು ಫೋನು ಹಿಡಿದೊಡನೆ ತಾತ ಪಕ್ಕದ ಕುರ್ಚಿಗೆ ಬಂದು ಕೂರುತ್ತಾರೆ. ತಾತನ ಹೊಲಿಗೆ ಯಂತ್ರ ರಿಪೇರಿಯ ಅಂಗಡಿ ಮುಚ್ಚಿ ಎರಡು ವರ್ಷವಾದರೂ ಮನೆಗೆ ತಂದಿಟ್ಟ ಅದೇ ಮೇಜಿನ ಮುಂದೆ ಮಂಕು ಬಡಿದಂತೆ ಕೂತಿರುವ ನಿನ್ನ ಅಪ್ಪನನ್ನು ನೋಡಲಾರದೆ, ಮೇಜನ್ನೂ ಹತಾರಗಳ ಪೆಟ್ಟಿಗೆಯನ್ನೂ ಹಳೆಯ ಸಾಮಾನಿನ ವ್ಯಾಪಾರಿಗೆ ಕೊಡುವುದೆಂದು ನೀನು ನಿಶ್ಚಯಿಸಿದೆಯಲ್ಲ. ಇಪ್ಪತ್ತೊಂಬತ್ತರ ಭಾನುವಾರ ಅವರು ಬಂದು ಒಯ್ಯಬೇಕು. ತಾತನೂ "ಹೂಂ, ಕೊಟ್ಬಿಡು" ಎಂದಿದ್ದರು. ಹೊರಡುವಾಗ ನೀನು ನನಗೆ ಹೇಳಿದ್ದು ಒಂದೇ ಮಾತು: "ಅವರನ್ನ ವಾರಕ್ಕೊಂದು ಸಲ ಆದ್ರೂ ಹೊಸಿಲು ದಾಟ್ಸೇ." ಅದನ್ನು ನೆರವೇರಿಸಿದೆನೆಂದು ತಿಳಿಸಲು ಸಂತೋಷಪಡುತ್ತೇನೆ.

ಸಾರ್ವಜನಿಕ ಗ್ರಂಥಾಲಯವೆಂದರೆ ಪುಸ್ತಕ ಕೊಟ್ಟು ಬಾಯಿ ಮುಚ್ಚಿಸುವ ಜಾಗವೆಂಬುದು ನಿನ್ನ ಎಣಿಕೆ. ಈಗ ಬಂದು ನೋಡು. ಒಂದು ಮೂಲೆಯಲ್ಲಿ ಕೆಲಸದ ಅರ್ಜಿ ತುಂಬಿಕೊಡುವ ಮೇಜು. ಹಾಸಿಗೆ ಹಿಡಿದವರ ಮನೆಬಾಗಿಲಿಗೆ ದಪ್ಪಕ್ಷರದ ಪುಸ್ತಕಗಳನ್ನು ಒಯ್ಯುವ ಸೈಕಲ್ಲು. ಶನಿವಾರ ಬೆಳಿಗ್ಗೆ 'ಬಲ್ಲವರ ಎರವಲು' ಎಂಬ ಕಾರ್ಯಕ್ರಮ. ಏನಾದರೊಂದು ವಿದ್ಯೆ ಬಲ್ಲವರು ಒಂದೊಂದು ಮೇಜಿನಲ್ಲಿ ಕೂರುತ್ತಾರೆ, ಬೇಕಾದವರು ಅವರನ್ನು ಪುಸ್ತಕದ ಹಾಗೆಯೇ ಅರ್ಧ ಗಂಟೆಗೆ ಎರವಲು ಪಡೆಯುತ್ತಾರೆ. ಗಣಿತಕ್ಕೆ ನನ್ನ ಹೆಸರು ಕೊಟ್ಟೆ. ಹೊಲಿಗೆ ಯಂತ್ರಕ್ಕೆ ತಾತನ ಹೆಸರನ್ನು, ಅವರನ್ನು ಕೇಳದೆಯೇ ಬರೆಸಿದೆ. ಎರಡು ದಿನ ಮುನಿಸಿಕೊಂಡು ಮೂರನೆಯ ದಿನ ಅಂಗಿಗೆ ತಾವೇ ಇಸ್ತ್ರಿ ಹಾಕಿಕೊಂಡರು.

ಇಲ್ಲಿ ನನ್ನಿಂದ ಒಂದು ಪ್ರಮಾದವಾಯಿತು. ವಿದ್ಯೆಯೆಂದ ಮೇಲೆ ಉಪನ್ಯಾಸವಿರಲೇಬೇಕೆಂದು ಭಾವಿಸಿ, ಯಂತ್ರದ ಉಗಮ, ವಿಕಾಸ, ಅಂಗೋಪಾಂಗಗಳನ್ನು ಕುರಿತು ಐದು ಪುಟದ ಭಾಷಣ ಬರೆದುಕೊಟ್ಟೆ. ಮೊನ್ನೆ ಶನಿವಾರ ತಾತ ಎದ್ದು ನಿಂತು, "ಮಾನವ ನಾಗರಿಕತೆಯ ವಿಕಾಸದಲ್ಲಿ ಸೂಜಿಯ ಪಾತ್ರ ಅನನ್ಯವಾದುದು" ಎಂಬಲ್ಲಿಗೆ ಬಂದು, ಮುಂದಿನ ಸಾಲಿನಲ್ಲಿ ಸಿಕ್ಕಿಕೊಂಡರು. ಕೂತಿದ್ದ ಒಂಬತ್ತು ಮಂದಿಯಲ್ಲಿ ಒಬ್ಬರು ಆಕಳಿಸಿದರು. ತಾತ ಅದೇ ಸಾಲನ್ನು ಮತ್ತೆ ಮೊದಲಿನಿಂದ ಓದತೊಡಗಿದರು. ಇಂದು ಮನೆಗೆ ಹೋದರೆ ಇವರು ಮತ್ತೆ ಹೊಸಿಲು ದಾಟಲಾರರು ಎನಿಸಿತು.

ಆಗ ಮುಂದಿನ ಸಾಲಿನಲ್ಲಿದ್ದ, ಶಾಲೆಯ ಸಮವಸ್ತ್ರ ಹೊಲಿಯುವ ಹೆಂಗಸೊಬ್ಬಳು, "ತಾತ, ಪುರಾಣ ಆಮೇಲೆ ಕೇಳ್ತೀವಿ. ನನ್ನ ಮಷೀನು ದಾರ ನುಂಗುತ್ತೆ, ಅದಕ್ಕೇನು ಮದ್ದು ಹೇಳಿ" ಎಂದಳು. ತಾತ ಕನ್ನಡಕ ತೆಗೆದಿಟ್ಟರು. "ಸದ್ದು ಹೇಗೆ ಬರುತ್ತಮ್ಮ?" "ಒಂಥರಾ ಕೆಟ್ಟದಾಗಿ." "ಹಾಗಂದ್ರೆ ಹೇಗೆ? ಓಡಿಸು. ಬಾಯಲ್ಲೇ ಓಡಿಸು!" ತಿರುಪು ಮುಟ್ಟುವ ಮೊದಲು ಕಣ್ಣು ಮುಚ್ಚಿ ಯಂತ್ರದ ಸದ್ದು ಕೇಳುವುದು ಅವರ ಹಳೆಯ ಕ್ರಮವೆಂದು ನಿನಗೆ ಗೊತ್ತೇ ಇದೆ. ಅವಳು ಅತ್ತ ಇತ್ತ ನೋಡಿ, ಸೆರಗಿನಿಂದ ಅರ್ಧ ಬಾಯಿ ಮುಚ್ಚಿಕೊಂಡು, "ಟರ್ರ್ ಟರ್ರ್ ಟಕ್, ಟರ್ರ್ ಟಕ್" ಎಂದಳು. "ಬಾಬಿನ್ ಗೂಡಲ್ಲಿ ದಾರದ ಚೂರು ಕೂತಿದೆ. ಬಿಚ್ಚಿ ಬ್ರಷ್ ಆಡ್ಸು, ಅಷ್ಟೇ." ಹಿಂದಿದ್ದ ದರ್ಜಿ "ಕೀಂಯ್ ಕೀಂಯ್" ಎಂದ. "ಎಣ್ಣೆ ಕಾಣ್ದೆ ಎಷ್ಟು ವರ್ಷ ಆಯ್ತು? ಅದು ಅಳ್ತಾ ಇದೆ ಕಣಯ್ಯಾ!"

ಅಲ್ಲಿಂದ ಮುಂದಕ್ಕೆ ನಾಚಿಕೆಯೆಲ್ಲ ಗಾಳಿಗೆ ಹೋಯಿತು. ಒಂಬತ್ತು ಬಾಯಿಗಳಲ್ಲಿ ಒಂಬತ್ತು ಯಂತ್ರಗಳು ಓಡತೊಡಗಿದವು. ವಾಚನಾಲಯದಲ್ಲಿ ದಿನಪತ್ರಿಕೆಗಳು ಒಂದೊಂದಾಗಿ ಕೆಳಗಿಳಿದವು. ನಾವು 'ಶ್ ಮೇಡಂ' ಎಂದು ಕರೆಯುವ ಗ್ರಂಥಪಾಲಕಿ ತುಟಿಯ ಮೇಲೆ ಬೆರಳಿಟ್ಟುಕೊಂಡೇ ಧಾವಿಸಿ ಬಂದರು. ಒಂದೆರಡು ಯಂತ್ರಗಳಿಗೆ ಕಿವಿಗೊಟ್ಟರು. ಆಮೇಲೆ ಬೆರಳು ಇಳಿಸಿ, "ನಮ್ಮನೇದು 'ಗುಡುಗುಡು ಡಬ್' ಅನ್ನುತ್ತೆ ತಾತ" ಎಂದರು. "ಬೆಲ್ಟು ಸಡಿಲ. ಯಾರು ಹಾಕಿದ್ದು?" "ನಮ್ಮ ಯಜಮಾನ್ರು." "ಅವರನ್ನೂ ಕರ್ಕೊಂಡು ಬನ್ನಿ, ಅವರದ್ದೂ ಏನೋ ಸಡಿಲ ಇರ್ಬೇಕು." ಅಮ್ಮಾ, ತಾತ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಗಣಿತದ ಮೇಜಿಗೆ ಕೊನೆಯವರೆಗೂ ಯಾರೊಬ್ಬರೂ ಬಾರದಿದ್ದುದರಿಂದ ನಾನು ಅದನ್ನೆಲ್ಲ ಬಿಡುವಾಗಿ ನೋಡಿದೆ. ಮನೆಯ ದಾರಿಯಲ್ಲಿ ತಾತ ನನ್ನ ಭಾಷಣವನ್ನು ನಾಲ್ಕಾಗಿ ಮಡಚಿ, "ಚೆನ್ನಾಗೇ ಬರ್ದಿದೀಯ ಮಗು, ಕಾಗದ ಗಟ್ಟಿ ಇದೆ, ಸೂಜಿ ಒರೆಸ್ಬಹುದು" ಎಂದರು. ತರಗತಿಯಲ್ಲಿ ಯಾರಾದರೂ ಹೀಗೆಂದಿದ್ದರೆ ಮೂರು ದಿನ ಮಾತು ಬಿಡುತ್ತಿದ್ದೆ.

ಕಾಲಿನ ಮೇಲೆ ಹೆಚ್ಚು ಭಾರ ಹಾಕಬೇಡ. ನಿನ್ನ ಜೊತೆಯ ದಾದಿಯರಿಗೆಲ್ಲ ನನ್ನ ವಂದನೆಗಳನ್ನು ತಿಳಿಸು.

ಆಶೀರ್ವಾದ ಬೇಡುವ
ನಿನ್ನ ಮಗಳು

ತಾ.ಕ.: ಅಮ್ಮಾ, ಧೈರ್ಯ ಸಾಲದೆ ಮುಖ್ಯ ಮಾತನ್ನೇ ಉಳಿಸಿಕೊಂಡಿದ್ದೆ. ಆ ವ್ಯಾಪಾರಿಗೆ ಬರಬೇಡವೆಂದು ಫೋನು ಮಾಡು. ತಾತನ ಮೇಜಿಗೆ ಶ್ ಮೇಡಂ ಗ್ರಂಥಾಲಯದ ಹಿಂಬದಿಯ ಕೋಣೆ ಬಿಟ್ಟುಕೊಡುತ್ತಾರಂತೆ. ಬರುವ ಶನಿವಾರಕ್ಕೆ ಹದಿನಾಲ್ಕು ಮಂದಿ ಹೆಸರು ಬರೆಸಿದ್ದಾರೆ, ಈ ಸಲ ಯಂತ್ರ ಸಮೇತ. ಬರಿಯ ಕಿವಿಯಿಂದ ತಿರುಪು ಬಿಚ್ಚಲಾಗದು. ತಾತನನ್ನು ಕೇಳಿದರೆ "ಮಾತು ಕೊಟ್ಟಾಗಿದೆ, ನಿಮ್ಮಮ್ಮನ್ನ ಪೇಚಿಗೆ ಸಿಕ್ಕಿಸ್ಬೇಡ" ಎನ್ನುತ್ತಾರೆ. ತಾವಾಗಿ ಕೇಳುವವರಲ್ಲ. ಆದರೆ ಅಂಚೆ ಎತ್ತುವ ಹೊತ್ತಾಯಿತೆಂದು ಆಗಲೇ ಎರಡು ಸಲ ಎಚ್ಚರಿಸಿ, ಈಗ ಬೀದಿಬಾಗಿಲನ್ನು ತೆರೆದು ಹಿಡಿದು ನನಗಾಗಿ ನಿಂತಿದ್ದಾರೆ.