ಹಂಡೆಯ ಮೇಲಿನ ಯುದ್ಧವಿಮಾನ

ಅಕ್ಕಾ,
ಮಹಾಯುದ್ಧದ ಕಾಲದಲ್ಲಿ ಹೆಗ್ಗರಣೆ ಕಾಡಿನ ಹಳ್ಳಕ್ಕೆ ಬಿದ್ದಿದ್ದ ಫೈಟರ್ ವಿಮಾನವನ್ನು ನಮ್ಮ ತಂಡದವರು ಹೊರತೆಗೆದು ರಿಪೇರಿ ಮಾಡಿದೆವು. ಮತ್ತೆ ಹಾರಿಸಲು ಇಂಜಿನ್ ಮೇಲಿನ ತಗಡೊಂದೇ ಕಡಿಮೆಯಿತ್ತು. ಹಳ್ಳವನ್ನೆಲ್ಲ ಜಾಲಾಡಿದರೂ ಸಿಗಲಿಲ್ಲ. ಇವತ್ತು ಬಚ್ಚಲಲ್ಲಿ ಹಂಡೆಯ ಮುಚ್ಚಳ ಕೈಜಾರಿ ಮಗುಚಿ ಬಿತ್ತು. ನೋಡಿದರೆ ಮಸಿಯಡಿ ವಿಮಾನದ ರಿವೆಟ್ ಸಾಲು! ದಿನಾ ಅದನ್ನೇ ಎತ್ತಿಟ್ಟು ಬಿಸಿನೀರು ತೋಡಿಕೊಂಡಿದ್ದೇನೆ, ನೋಡು.

ನಾವು ಉಳಿದುಕೊಂಡಿರುವ ಮನೆಯ ದುರ್ಗಮ್ಮ, "ತಕಂಡ್ ಹೋಗು ತಂಗಿ, ನಮ್ ಮಾವ ಕಾಡಲ್ಲಿ ಸಿಕ್ತು ಅಂತ ತಂದದ್ದು. ಬದ್ಲಿ ಮುಚ್ಚಳ ಇಟ್ಟು ಹೋಗು. ಹಂಡೆ ತೆರ್ದಿಡೂಕೆ ಆಗ್ತದಾ?" ಎಂದರು.

ನನ್ನ ಕೆಮ್ಮು ವಾಸಿಯಾಗಿದೆ. ಹಂಡೆ ಮುಚ್ಚಲು ಅವ್ವನ ಹಿಟ್ಟು ನಾದುವ ದೊಡ್ಡ ಪರಾತವನ್ನು ಹಾವೇರಿಯಲ್ಲಿ ಶಿರಸಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡು. ಅದು ಬರುವವರೆಗೆ ನಮ್ಮ ವಿಮಾನ ಈ ಹಂಡೆ ಬಿಟ್ಟು ಮೇಲೇಳುವುದಿಲ್ಲ.

ಅವಸರದಲ್ಲಿ,
ಶಿಲ್ಪಾ